ತಮ್ಮ ಶಾರ್ಜಾದಲ್ಲಿ, ವೀಸಾ ಮುಗಿದು ಏಳು ತಿಂಗಳು: ವಾಪಸ್ ಕರೆಸುವುದು ಹೇಗೆ?

ಪ್ರಶ್ನೆ: ನಾವು ಉಡುಪಿ ಕಡೆಯವರು, ಈಗ ಡೊಂಬಿವಿಲಿಯಲ್ಲಿದ್ದೇವೆ. ನನ್ನ ತಮ್ಮನಿಗೆ 27 ವರ್ಷ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನು. ದಾದರಿನ ಹೋಟೆಲಿನಲ್ಲಿ ಪ್ಲೇಟು ತೊಳೆಯುವುದರಿಂದ ಶುರುಮಾಡಿ ದೋಸೆ ಕಲ್ಲಿನ ಮುಂದೆ ನಿಲ್ಲುವವರೆಗೆ ಬಂದಿದ್ದ. ಒಬ್ಬ ಏಜೆಂಟ್ 1,40,000 ರೂಪಾಯಿ ತೆಗೆದುಕೊಂಡು ಅವನನ್ನು ಶಾರ್ಜಾಕ್ಕೆ ಕಳಿಸಿದ. ‘ಸದ್ಯಕ್ಕೆ ವಿಸಿಟ್ ವೀಸಾ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತಾರೆ’ ಎಂದಿದ್ದ. ಮಾಡಿಸಲಿಲ್ಲ. ಎರಡು ತಿಂಗಳ ವೀಸಾ ಮುಗಿದು ಈಗ ಏಳು ತಿಂಗಳು. ಪಾಸ್‌ಪೋರ್ಟ್ ಹೋಟೆಲ್ ಮಾಲೀಕನ ಹತ್ತಿರ ಇದೆ. ಮೂರು ತಿಂಗಳ ಸಂಬಳ ಬಾಕಿ. ಕಾನ್ಸುಲೇಟಿಗೆ ಹೋದರೆ ಪೊಲೀಸರಿಗೆ ಹಿಡಿದುಕೊಡುತ್ತಾರೆ ಅಂತ ರೂಮಿನವರು ಹೆದರಿಸಿದ್ದಾರೆ. ಏಜೆಂಟ್ ‘ಸ್ವಲ್ಪ ಕಾಯಿ, ಮಾಫಿ ಬರುತ್ತೆ’ ಅನ್ನುತ್ತಾನೆ, ಅಂದರೆ ಅಲ್ಲಿನ ಸರ್ಕಾರವೇ ದಂಡ ಮನ್ನಾ ಮಾಡುತ್ತದಂತೆ. ಇನ್ನೊಬ್ಬ 8,000 ದಿರ್ಹಮ್ ಕೊಟ್ಟರೆ ಆಜಾದ್ ವೀಸಾ ಕೊಡಿಸುತ್ತೇನೆ ಅಂದಿದ್ದಾನೆ. ಅವನು ಕದ್ದಿಲ್ಲ, ದುಡಿದಿದ್ದಾನೆ ಅಷ್ಟೇ. ಅವನನ್ನು ಕಳ್ಳನ ಹಾಗೆ ಯಾಕೆ ನೋಡುತ್ತಾರೆ? ಇಂಥವರಿಗೆ ಒಂದು ನ್ಯಾಯದ ಕಾನೂನು ಮಾಡಲು ಆಗುವುದಿಲ್ಲವೇ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ತಮ್ಮ ವಾಪಸ್ ಬರಬಹುದು. ದಾರಿ ಇದೆ, ಆದರೆ ಅದಕ್ಕೆ ದುಡ್ಡು ಬೇಕು, ಕೆಲವು ವಾರ ಓಡಾಟ ಬೇಕು. ಕಾದಷ್ಟೂ ದುಡ್ಡು ಜಾಸ್ತಿ ಆಗುತ್ತದೆ. ಯುಎಇಯಲ್ಲಿ ವೀಸಾ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಏಳು ತಿಂಗಳು ಅಂದರೆ ಸುಮಾರು 210 ದಿನ, 10,500 ದಿರ್ಹಮ್. ನಮ್ಮ ರೂಪಾಯಿಯಲ್ಲಿ ಎರಡು ಲಕ್ಷ ದಾಟುತ್ತದೆ. ನೀವು ಈ ಉತ್ತರ ಓದುತ್ತಿರುವ ದಿನವೂ ಮೀಟರ್ ಓಡುತ್ತಿದೆ.

ನಾನು ಮುಂಬಯಿಯ ಫೋರ್ಟ್‌ನಲ್ಲಿ ವಕೀಲಿ ಮಾಡುತ್ತೇನೆ. ಗಲ್ಫಿನಲ್ಲಿ ಸಿಕ್ಕಿಹಾಕಿಕೊಂಡವರ ಅಕ್ಕ, ಹೆಂಡತಿ, ಅಪ್ಪ ಇಪ್ಪತ್ತು ವರ್ಷದಿಂದ ಆಫೀಸಿಗೆ ಬರುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ನೀವು ಕೇಳಿದ್ದನ್ನೇ: ಕಾನ್ಸುಲೇಟಿನ ಬಾಗಿಲು ತಟ್ಟಿದರೆ ಜೈಲಾ? ಅಲ್ಲ. ದುಬೈಯಲ್ಲಿರುವ ನಮ್ಮ ಕಾನ್ಸುಲೇಟ್‌ಗೆ ಶಾರ್ಜಾವೂ ಸೇರುತ್ತದೆ. ತನ್ನ ದೇಶದವನು ಸಹಾಯ ಕೇಳಿಕೊಂಡು ಬಂದರೆ ಅಲ್ಲಿನ ಪೊಲೀಸರಿಗೆ ಹಿಡಿದುಕೊಡುವುದು ಅದರ ಕೆಲಸವೇ ಅಲ್ಲ. ಕಾರ್ಮಿಕರಿಗಾಗಿಯೇ ‘ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ’ ಅಂತ ಒಂದು ವಿಭಾಗ ಇದೆ. ಯುಎಇ ಒಳಗಿಂದ 800 46342ಕ್ಕೆ ಫೋನ್ ಮಾಡಿದರೆ ಖರ್ಚಿಲ್ಲ. ಅಪಾಯ ಇರುವುದು ಬೇರೆ ಕಡೆ. ತಾನಾಗಿ ಹೋಗಿ ದಂಡ ಕಟ್ಟಿ ಹೊರಡುವವನಿಗೂ, ತಪಾಸಣೆಯಲ್ಲಿ ಅಡುಗೆಮನೆಯಲ್ಲಿ ಸಿಕ್ಕಿಬೀಳುವವನಿಗೂ ತುಂಬ ವ್ಯತ್ಯಾಸ ಇದೆ. ಎರಡನೆಯವನನ್ನು ಹಿಡಿದಿಟ್ಟು, ಗಡೀಪಾರು ಮಾಡಿ, ಮತ್ತೆ ಬರದಂತೆ ನಿಷೇಧ ಹಾಕಬಹುದು.

ಇನ್ನು ‘ಅಲ್ಲಿ ಹೋದ ಮೇಲೆ ವೀಸಾ ಬದಲಿಸುತ್ತಾರೆ’ ಅನ್ನೋ ಮಾತು. ಇದು ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಜನ ಮೋಸ ಹೋಗುತ್ತಿರಲಿಲ್ಲ. ವಿಸಿಟ್ ವೀಸಾದಲ್ಲಿ ಬಂದವನನ್ನು ಅಲ್ಲೇ ಕೆಲಸದ ವೀಸಾಕ್ಕೆ ಬದಲಿಸಲು ಯುಎಇ ನಿಯಮದಲ್ಲಿ ಅವಕಾಶ ಇದೆ. ಒಳ್ಳೆಯ ಮಾಲೀಕರು ಮಾಡಿಸುತ್ತಾರೆ ಕೂಡ. ಆದರೆ ಅರ್ಜಿ ಹಾಕಬೇಕಾದವನು ಮಾಲೀಕ, ಖರ್ಚು ಅವನದು. ಪರ್ಮಿಟ್ ಬರುವ ಮುಂಚೆ ಕೆಲಸಕ್ಕೆ ನಿಲ್ಲಿಸಿದರೆ ಅದು ಅಪರಾಧ. ಕಾಗದ ಇಲ್ಲದೆಯೇ ಹುಡುಗ ದಿನಕ್ಕೆ ಹದಿನಾಲ್ಕು ಗಂಟೆ ದೋಸೆ ಹುಯ್ಯುತ್ತಿದ್ದಾನೆ ಅಂದಮೇಲೆ ಆ ಖರ್ಚು ಯಾಕೆ ಮಾಡಬೇಕು ಅಂತ ಕೆಲವರು ಲೆಕ್ಕ ಹಾಕುತ್ತಾರೆ. ನಿಮ್ಮ ತಮ್ಮನ ಮಾಲೀಕನೂ ಅಂಥವನೇ ಅಂತ ಕಾಣುತ್ತದೆ.

ಆಜಾದ್ ವೀಸಾ, ಫ್ರೀ ವೀಸಾ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಒಬ್ಬನ ಹೆಸರಿನಲ್ಲಿ ವೀಸಾ, ಇನ್ನೊಬ್ಬನ ಹತ್ತಿರ ಕೆಲಸ, ಅಷ್ಟೇ ಅದರ ಗುಟ್ಟು. ಹೆಸರು ಕೊಟ್ಟ ಕಫೀಲ್, ಅಂದರೆ ವೀಸಾದ ಸ್ಪಾನ್ಸರ್, ಯಾವಾಗ ಬೇಕಾದರೂ ‘ಇವನು ಓಡಿಹೋಗಿದ್ದಾನೆ’ ಅಂತ ದೂರು ಕೊಟ್ಟರೆ ನಿಮ್ಮ ತಮ್ಮ ಮತ್ತೆ ಇದೇ ಜಾಗಕ್ಕೆ ಬರುತ್ತಾನೆ, 8,000 ದಿರ್ಹಮ್ ಸಾಲದ ಜೊತೆಗೆ. ಅದಲ್ಲದೆ ಏಳು ತಿಂಗಳ ಹಳೆಯ ದಂಡ ಕಟ್ಟದೆ ಹೊಸ ವೀಸಾ ಹೇಗೆ ಸಿಗುತ್ತದೆ? ಆ ಮನುಷ್ಯನನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ.

ಮಾಫಿ ವಿಷಯದಲ್ಲಿ ಏಜೆಂಟ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಯುಎಇ 2007ರಲ್ಲಿ, 2012-13ರಲ್ಲಿ, 2018ರಲ್ಲಿ ಇಂಥ ಮಾಫಿ ಕೊಟ್ಟಿತ್ತು. ಕೊನೆಯ ದೊಡ್ಡದು 2024ರ ಸೆಪ್ಟೆಂಬರ್ 1ಕ್ಕೆ ಶುರುವಾಗಿ, ಎರಡು ತಿಂಗಳು ಅಂದದ್ದು ಡಿಸೆಂಬರ್ 31ರವರೆಗೆ ನಡೆಯಿತು. ದಂಡ ಮನ್ನಾ, ನಿಷೇಧವೂ ಇಲ್ಲ. ಆದರೆ ಆ ವರ್ಷಗಳನ್ನೇ ನೋಡಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದಾರು ವರ್ಷ. ಒಂದು ವರ್ಷ ಕಾದರೆ ದಂಡ 18,250 ದಿರ್ಹಮ್ ಏರುತ್ತದೆ. ಕಾಯಿರಿ ಅನ್ನುವ ಏಜೆಂಟ್ ಆ ದಂಡ ಕಟ್ಟುವುದಿಲ್ಲ, ನಿಮ್ಮ ದೂರು ಹಳೆಯದಾಗಲಿ ಅಂತ ಕಾಯುತ್ತಾನೆ.

ಈಗ ಮಾಡಬೇಕಾದ್ದು. ಮೊದಲು ತಮ್ಮನಿಂದ ಆ ವಿಸಿಟ್ ವೀಸಾದ ಹಾಳೆ ತರಿಸಿಕೊಳ್ಳಿ. ಮೊಬೈಲಿನಲ್ಲಿ ಪಿಡಿಎಫ್ ಇದ್ದೇ ಇರುತ್ತದೆ, ಇಲ್ಲಾಂದ್ರೆ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದು ನಿಮ್ಮ ಹತ್ತಿರವೇ ಇರಬಹುದು. ಅದರಲ್ಲಿ ಸ್ಪಾನ್ಸರ್ ಯಾರು ಅಂತ ನೋಡಿ. ಸಾಮಾನ್ಯವಾಗಿ ಅದು ಹೋಟೆಲ್ ಆಗಿರುವುದಿಲ್ಲ, ಯಾವುದೋ ಟ್ರಾವೆಲ್ ಏಜೆನ್ಸಿ. ಇದು ಯಾಕೆ ಮುಖ್ಯ ಅಂದರೆ, ಪ್ರವಾಸಿ ಹೊರಗೆ ಹೋಗದಿದ್ದರೆ ಆ ಏಜೆನ್ಸಿಗಳೇ ‘ಅಬ್‌ಸ್ಕಾಂಡಿಂಗ್’, ಅಂದರೆ ಓಡಿಹೋಗಿದ್ದಾನೆ ಅನ್ನುವ ದೂರು ದಾಖಲಿಸುತ್ತವೆ. ಅಂಥ ದೂರು ಇದ್ದರೆ ಬರಿ ದಂಡ ಕಟ್ಟಿ ಹೊರಡಲು ಆಗುವುದಿಲ್ಲ, ಮೊದಲು ಅದನ್ನು ತೆಗೆಸಬೇಕು, ಅದಕ್ಕೆ ಅವರು ಬೇರೆ ದುಡ್ಡು ಕೇಳುತ್ತಾರೆ. ಎಷ್ಟೋ ಜನ ಟಿಕೆಟ್ ತೆಗೆದುಕೊಂಡು ಏರ್‌ಪೋರ್ಟ್‌ಗೆ ಹೋದ ಮೇಲೆ ಇದು ಗೊತ್ತಾಗಿ ಟಿಕೆಟ್ಟೂ ಹಾಳು. ಆ ಹಾಳೆಯ ಫೈಲ್ ನಂಬರ್ ಹಿಡಿದುಕೊಂಡು ಕಾನ್ಸುಲೇಟಿನವರ ಹತ್ತಿರ ಹೋದರೆ ಸ್ಥಿತಿ ಏನಿದೆ ಅಂತ ತಿಳಿಯುತ್ತದೆ. ಅವನ ಹೆಸರಿನಲ್ಲಿ ಸಿಮ್ ಬಿಲ್ಲು, ಸಾಲ, ಬೇರೆ ಪೊಲೀಸ್ ಕೇಸು ಏನಾದರೂ ಇದೆಯಾ ಅಂತಲೂ ಆಗಲೇ ನೋಡಿಕೊಳ್ಳಬೇಕು.

ಪಾಸ್‌ಪೋರ್ಟ್ ಇಲ್ಲ ಅನ್ನುವುದು ದೊಡ್ಡ ತಡೆ ಅಲ್ಲ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಮಾಲೀಕ ಅದನ್ನು ಇಟ್ಟುಕೊಳ್ಳುವುದು ಯುಎಇ ಕಾನೂನಿನಲ್ಲೂ ತಪ್ಪು. ಕಾನ್ಸುಲೇಟ್ ಕೇಳಿದರೆ ಎಷ್ಟೋ ಮಾಲೀಕರು ಸುಮ್ನೆ ಕೊಟ್ಟುಬಿಡುತ್ತಾರೆ. ಕೊಡದಿದ್ದರೆ ಒಮ್ಮೆ ಮಾತ್ರ ಊರಿಗೆ ಬರಲು ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಸಿಗುತ್ತದೆ. ಗಲ್ಫಿನವರು ಇದಕ್ಕೆ ಔಟ್‌ಪಾಸ್ ಅನ್ನುತ್ತಾರೆ. ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್ ನಿಮ್ಮ ಹತ್ತಿರ ಇದ್ದರೆ ಕೆಲಸ ಬೇಗ ಆಗುತ್ತದೆ.

ದಂಡಕ್ಕೆ ಬರೋಣ. ಕಟ್ಟುವುದು ಒಂದು ದಾರಿ. ಮನ್ನಾ ಮಾಡಿ ಅಂತ ಅಲ್ಲಿನ ಇಮಿಗ್ರೇಷನ್‌ಗೆ ಅರ್ಜಿ ಕೊಡುವುದು ಇನ್ನೊಂದು. ಸಿಕ್ಕೇ ಸಿಗುತ್ತದೆ ಅಂತ ಭರವಸೆ ಕೊಡಲಾರೆ. ಮೂರನೆಯದು ನಮ್ಮವರಿಗೆ ಗೊತ್ತೇ ಇಲ್ಲ. ವಿದೇಶದಲ್ಲಿ ಕಷ್ಟಕ್ಕೆ ಸಿಕ್ಕಿದ ಭಾರತೀಯರಿಗಾಗಿ 2009ರಲ್ಲಿ ಶುರುವಾದ ‘ಇಂಡಿಯನ್ ಕಮ್ಯುನಿಟಿ ವೆಲ್‌ಫೇರ್ ಫಂಡ್’ ಇದೆ, ಪ್ರತಿ ದೂತಾವಾಸದಲ್ಲೂ. ತಪ್ಪು ಕಾರ್ಮಿಕನದಲ್ಲ ಅಂತ ಮೇಲ್ನೋಟಕ್ಕೆ ಕಂಡರೆ ಅಕ್ರಮ ವಾಸದ ಸಣ್ಣ ದಂಡ, ವಾಪಸ್ ಬರುವ ಟಿಕೆಟ್, ವಕೀಲರ ಸಹಾಯಕ್ಕೆ ಅದರಿಂದ ಕೊಡಬಹುದು. ‘ತಪ್ಪು ಅವನದಲ್ಲ’ ಅಂತ ತೋರಿಸಲು ಕಾಗದ ಬೇಕಲ್ಲ? ಏಜೆಂಟ್‌ಗೆ ಹಾಕಿದ ಜಿಪೇ ಸ್ಕ್ರೀನ್‌ಶಾಟ್, ‘ವೀಸಾ ಮಾಡಿಸುತ್ತೇವೆ’ ಅಂದ ವಾಯ್ಸ್ ಮೆಸೇಜ್, ಹೋಟೆಲಿನ ಅಡುಗೆಮನೆಯಲ್ಲಿ ಯೂನಿಫಾರ್ಮ್‌ನಲ್ಲಿ ನಿಂತ ಫೋಟೊ, ಇವೆಲ್ಲ ಇವತ್ತೇ ಒಂದು ಕಡೆ ಉಳಿಸಿಡಿ. ಇಲ್ಲಿಂದಲೇ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ನೀವು ದೂರು ಹಾಕಬಹುದು. ಅದು ನೇರ ದುಬೈ ಕಾನ್ಸುಲೇಟಿಗೆ ಹೋಗುತ್ತದೆ, ನಂಬರ್ ಸಿಗುತ್ತದೆ, ಆಮೇಲೆ ಆ ನಂಬರ್ ಹಿಡಿದು ಪದೇ ಪದೇ ಕೇಳಬಹುದು. ಪದೇ ಪದೇ ಕೇಳಿ. ನಾಚಿಕೊಳ್ಳಬೇಡಿ.

ಅವನು ಅಲ್ಲೇ ಉಳಿದು ಕಾಗದ ಸರಿಮಾಡಿಕೊಳ್ಳಬಹುದೇ ಅಂತ ನೀವು ಕೇಳಿಲ್ಲ, ಅವನು ಕೇಳಿಯೇ ಕೇಳುತ್ತಾನೆ. ಕಾನೂನಿನಲ್ಲಿ ಸಾಧ್ಯ. ಮಾಲೀಕ ದಂಡ ಕಟ್ಟಿ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಆದರೆ ಏಳು ತಿಂಗಳು ಸುಮ್ಮನಿದ್ದವನು ಈಗ ಒಪ್ಪಿದರೆ ಆ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾನೆ, ತಮ್ಮ ಎರಡು ವರ್ಷ ಬಿಟ್ಟಿ ದುಡಿಯಬೇಕಾಗುತ್ತದೆ. ನೇಮಕದ ಖರ್ಚನ್ನು ಕೆಲಸಗಾರನ ಮೇಲೆ ಹಾಕಬಾರದು ಅಂತ ಯುಎಇಯ 2021ರ ಕಾನೂನೇ ಹೇಳುತ್ತದೆ. ಹಾಗಾಗಿ ಬೇರೆ ಒಳ್ಳೆಯ ಹೋಟೆಲಿನವರು ಲಿಖಿತವಾಗಿ ಒಪ್ಪಿದರೆ ಮಾತ್ರ ಯೋಚಿಸಲಿ. ದೋಸೆ ಮಾಡಲು ಬರುವ ಕೈಗೆ ಅಲ್ಲಿ ಬೆಲೆ ಇದೆ.

ಬಾಕಿ ಸಂಬಳ? ಇಲ್ಲಿ ನಾನು ಆಸೆ ಹುಟ್ಟಿಸುವುದಿಲ್ಲ. ಪರ್ಮಿಟ್ ಇದ್ದವನಿಗೆ ಅಲ್ಲಿನ ಕಾರ್ಮಿಕ ಇಲಾಖೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, 50,000 ದಿರ್ಹಮ್‌ವರೆಗಿನ ತಕರಾರನ್ನು ಅದೇ ತೀರ್ಮಾನಿಸುತ್ತದೆ. ಪರ್ಮಿಟ್ ಇಲ್ಲದವನ ಕೈ ಸೋತದ್ದು. ಆದರೂ ಒಂದು ಹಿಡಿ ಇದೆ. ಪರ್ಮಿಟ್ ಇಲ್ಲದೆ ಕೆಲಸಕ್ಕೆ ಇಟ್ಟುಕೊಂಡ ಮಾಲೀಕನ ದಂಡವನ್ನು ಯುಎಇ 2024ರಲ್ಲಿ ಕನಿಷ್ಠ ಒಂದು ಲಕ್ಷ, ಗರಿಷ್ಠ ಹತ್ತು ಲಕ್ಷ ದಿರ್ಹಮ್‌ಗೆ ಏರಿಸಿದೆ. ಅಂದರೆ ನಿಮ್ಮ ತಮ್ಮನಿಗಿಂತ ಮಾಲೀಕನಿಗೇ ಭಯ ಜಾಸ್ತಿ ಇರಬೇಕು. ಆದರೆ ತಮ್ಮ ತಾನೇ ಹೋಗಿ ಹೆದರಿಸುವುದು ಬೇಡ. ಅವನು ಮಲಗುವುದು ಮಾಲೀಕ ಕೊಟ್ಟ ರೂಮಿನಲ್ಲಿ. ಪಾಸ್‌ಪೋರ್ಟ್ ಅಥವಾ ಔಟ್‌ಪಾಸ್ ಕೈಗೆ ಬಂದು, ಇರಲು ಬೇರೆ ಜಾಗ ಸಿಕ್ಕ ಮೇಲೆ ಕಾನ್ಸುಲೇಟಿನವರಿಂದ ಮಾತಾಡಿಸಿ. ಹಾಗೆ ಮಾತಾಡಿಸಿದಾಗ ಸಂಬಳದ ಸ್ವಲ್ಪ ಭಾಗ, ಟಿಕೆಟ್ ಕೊಟ್ಟು ಕೈತೊಳೆದುಕೊಂಡವರನ್ನು ನೋಡಿದ್ದೇನೆ.

ಏಜೆಂಟ್ ಹತ್ತಿರ ಹೋಗಿರುವ 1,40,000ಕ್ಕೆ ಹೋರಾಡುವ ಜಾಗ ಮುಂಬಯಿಯೇ. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ವಿದೇಶದ ಕೆಲಸಕ್ಕೆ ಜನ ಕಳಿಸುವುದು ಅಪರಾಧ. ಲೈಸೆನ್ಸ್ ಇದ್ದವನೂ ಸೇವಾ ಶುಲ್ಕ ಅಂತ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬಿಟ್ಟು ಒಂದು ಪೈಸೆ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಲೇಬೇಕು. ಅವನ ಹೆಸರು ಸರ್ಕಾರದ ‘ಇ-ಮೈಗ್ರೇಟ್’ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇದ್ದವರ ಪಟ್ಟಿಯಲ್ಲಿ ಇದೆಯಾ ನೋಡಿ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ವಿದೇಶ ಭವನದಲ್ಲಿ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಕಚೇರಿ ಇದೆ, ಅಲ್ಲಿ ಲಿಖಿತ ದೂರು ಕೊಡಿ. ಅದರ ಪ್ರತಿ ಇಟ್ಟುಕೊಂಡು ಪೊಲೀಸ್ ಸ್ಟೇಷನ್‌ನಲ್ಲಿ ವಂಚನೆಯ ದೂರು ಕೊಡಿ. ದೂರು ಬಿದ್ದ ಮೇಲೆ ಏಜೆಂಟ್ ಅರ್ಧ ದುಡ್ಡು ಹಿಡಿದುಕೊಂಡು ರಾಜಿಗೆ ಬರುತ್ತಾನೆ, ಇದು ನಾನು ಕಣ್ಣಾರೆ ಕಂಡ ವಿಷಯ. ತಮ್ಮ ಮುಂಬಯಿಯಲ್ಲಿ ಇಳಿಯುವವರೆಗೆ ಯಾವ ರಾಜಿ ಪತ್ರಕ್ಕೂ ಸಹಿ ಹಾಕಬೇಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ.

ಗಲ್ಫಿನಲ್ಲಿ ಕಾಗದ ಇಲ್ಲದವರಿಗೆ ‘ಖಲ್ಲಿವಲ್ಲಿ’ ಅನ್ನುತ್ತಾರೆ. ಅರಬ್ಬಿಯಲ್ಲಿ ‘ಬಿಟ್ಹಾಕು, ಹೋಗಲಿ’ ಅಂತ ಅರ್ಥ. ಹುಡುಗರು ನಗುತ್ತಲೇ ಹೇಳುತ್ತಾರೆ, ‘ನಾನೀಗ ಖಲ್ಲಿವಲ್ಲಿ’ ಅಂತ. ನನಗೆ ಬಂದ ಕೇಸುಗಳಲ್ಲಿ ಗಡಿ ಹಾರಿ ಖಲ್ಲಿವಲ್ಲಿ ಆದವನು ಒಬ್ಬನೂ ಇಲ್ಲ. ಎಲ್ಲರೂ ಮುಂಬಯಿಯ ಸಹಾರ್ ಏರ್‌ಪೋರ್ಟ್‌ನಿಂದ, ಮುದ್ರೆ ಹಾಕಿಸಿಕೊಂಡು, ಕಾಗದ ಸರಿಯಾಗಿಯೇ ಹೋದವರು. ಅಲ್ಲಿ ಹೋದ ಮೇಲೆ ಕಾಗದ ಕಳೆದುಕೊಂಡರು. ಯಾಕೆಂದರೆ ಅವರು ದೇಶದಲ್ಲಿ ಇರುವ ಹಕ್ಕೇ ಒಬ್ಬ ಮಾಲೀಕನ ಕೈಯಲ್ಲಿತ್ತು. ಅವನು ನವೀಕರಿಸದಿದ್ದರೆ ಮುಗಿಯಿತು. ಸಂಬಳ ಸಿಗದೆ ಕೆಲಸ ಬಿಟ್ಟರೆ ಓಡಿಹೋದವ ಅಂತ ಹಣೆಪಟ್ಟಿ. ಕಫಾಲಾ ಅಂತ ಕರೆಯುವುದು ಈ ಕಟ್ಟನ್ನೇ. ಕತ್ತರ್ 2020ರಲ್ಲಿ ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಲು ಬಿಟ್ಟಿತು, ಮರುವರ್ಷ ಎಲ್ಲರಿಗೂ 1,000 ರಿಯಾಲ್ ಕನಿಷ್ಠ ಸಂಬಳ ತಂದಿತು. ಸೌದಿ 2021ರಲ್ಲಿ ಸ್ವಲ್ಪ ಸಡಿಲ ಮಾಡಿತು, ಆದರೆ ಮನೆಕೆಲಸದವರನ್ನು ಹೊರಗಿಟ್ಟು. ಬದಲಾವಣೆ ನಡೆಯುತ್ತಿದೆ, ಇಲ್ಲ ಅನ್ನುವುದಿಲ್ಲ. ಆದರೂ ವೀಸಾ ಅರ್ಜಿ ಹಾಕುವ ಪೆನ್ನು ಇನ್ನೂ ಮಾಲೀಕನ ಜೇಬಿನಲ್ಲೇ ಇದೆ. ಕೆಲಸ ಹೋದವನಿಗೆ ಬೇರೆ ಕೆಲಸ ಹುಡುಕಲು ಸಾಕಷ್ಟು ಸಮಯ, ದೂರು ಕೊಟ್ಟವನಿಗೆ ದೂರು ಮುಗಿಯುವವರೆಗೆ ಇರುವ ಹಕ್ಕು, ಇವೆರಡು ಸಿಕ್ಕರೆ ನನ್ನ ಆಫೀಸಿಗೆ ಬರುವವರಲ್ಲಿ ಅರ್ಧ ಜನ ಬರುವುದೇ ಇಲ್ಲ.

ಮಾಫಿಯನ್ನು ನಾನು ಬೇಡ ಅನ್ನುವುದಿಲ್ಲ, ಎಷ್ಟೋ ಮನೆಗಳಿಗೆ ಮಗ ವಾಪಸ್ ಬಂದದ್ದು ಅದರಿಂದಲೇ. ಆದರೆ ಅದು ಬಾವಿ ತುಂಬಿದಾಗ ಒಮ್ಮೆ ನೀರು ಎತ್ತಿ ಚೆಲ್ಲಿದ ಹಾಗೆ, ಸೆಲೆ ಹಾಗೇ ಇರುತ್ತದೆ. ಅಮೆರಿಕ 1986ರಲ್ಲಿ ಕಾನೂನು ಮಾಡಿ ಕಾಗದ ಇಲ್ಲದ ಸುಮಾರು 27 ಲಕ್ಷ ಜನರಿಗೆ ಕಾಗದ ಕೊಟ್ಟಿತು. ಕಾಗದ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕನಿಗೆ ದಂಡ ಅಂತಲೂ ಹೇಳಿತು. ಮುಂದೆ ಬರುವವರಿಗೆ ಸರಿಯಾದ ಬಾಗಿಲು ಮಾತ್ರ ತೆರೆಯಲಿಲ್ಲ. ಕೆಲಸ ಇತ್ತು, ಜನ ಬಂದರು, ಮತ್ತೆ ಅದೇ ಸ್ಥಿತಿ. ಸ್ಪೇನ್‌ನಲ್ಲಿ ಬೇರೆ ಲೆಕ್ಕ. ಕೆಲವು ವರ್ಷ ಅಲ್ಲೇ ನೆಲೆಸಿದ್ದಕ್ಕೆ ದಾಖಲೆ ತೋರಿಸಿ ಯಾವ ದಿನ ಬೇಕಾದರೂ ಪರ್ಮಿಟ್‌ಗೆ ಅರ್ಜಿ ಹಾಕಬಹುದು, ಸರ್ಕಾರ ಮಾಫಿ ಘೋಷಿಸಲಿ ಅಂತ ಕಾಯಬೇಕಿಲ್ಲ. ನನಗೆ ಅದು ಹೆಚ್ಚು ನ್ಯಾಯ ಅನ್ನಿಸುತ್ತದೆ.

ಬರಿ ಅರಬರನ್ನು ಬೈದು ಮುಗಿಸಲು ಆಗುವುದಿಲ್ಲ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’. ಅವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಕ್ಲಿಯರೆನ್ಸ್ ಬೇಕು. ಕ್ಲಿಯರೆನ್ಸ್ ಕೊಡುವಾಗ ಒಪ್ಪಂದ ನೋಡುತ್ತಾರೆ, ಸಂಬಳ ನೋಡುತ್ತಾರೆ, ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತಾಗ ಹತ್ತು ಲಕ್ಷ. ಒಳ್ಳೆಯ ನಿಯಮವೇ. ಆದರೆ ವಿಸಿಟ್ ವೀಸಾದಲ್ಲಿ ಹೋಗುವವನಿಗೆ ಇದ್ಯಾವುದೂ ಬೇಕಿಲ್ಲ! ಯಾರಿಗೆ ರಕ್ಷಣೆ ಬೇಕೋ ಅವನನ್ನೇ ಪ್ರವಾಸಿ ಅಂತ ಮಾಡಿ ಕಳಿಸಿದರೆ ಆಯ್ತು. ಅಂಥವರನ್ನು ಏರ್‌ಪೋರ್ಟ್ ದಾಟಿಸುವುದಕ್ಕೆ ಮುಂಬಯಿಯ ಏಜೆಂಟರಲ್ಲಿ ‘ಪುಶಿಂಗ್’ ಅಂತ ಒಂದು ಪದವೇ ಇದೆ. ಊರೂರು ತಿರುಗಿ ಹುಡುಗರನ್ನು ಹಿಡಿಯುವ ಸಬ್ ಏಜೆಂಟ್‌ಗಳಿಗೆ 1983ರ ಕಾಯ್ದೆಯಲ್ಲಿ ಜಾಗವೇ ಇಲ್ಲ, ಹಾಗಾಗಿ ಹಿಡಿತವೂ ಇಲ್ಲ. ವಲಸೆ ಕಾರ್ಮಿಕರ ಹಕ್ಕಿನ ಬಗ್ಗೆ ವಿಶ್ವಸಂಸ್ಥೆಯ 1990ರ ಒಪ್ಪಂದಕ್ಕೆ ಗಲ್ಫ್ ದೇಶಗಳು ಸಹಿ ಹಾಕಿಲ್ಲ ಅಂತ ನಾವು ದೂರುತ್ತೇವೆ. ಭಾರತವೂ ಹಾಕಿಲ್ಲ. ಶ್ರೀಲಂಕಾ ಹಾಕಿದೆ, ಫಿಲಿಪ್ಪೀನ್ಸ್ ಹಾಕಿದೆ.

ಒಂದು ಮಾತು, ಸಿಟ್ಟಾಗಬೇಡಿ. ನಮ್ಮ ಮುಂಬಯಿಯಲ್ಲೇ ಬೇರೆ ದೇಶದಿಂದ ಕಾಗದ ಇಲ್ಲದೆ ಬಂದು ಕಟ್ಟಡದಲ್ಲಿ ಇಟ್ಟಿಗೆ ಹೊರುವವರ ವಿಷಯ ಬಂದಾಗ, ‘ಕದ್ದಿಲ್ಲ, ದುಡಿದಿದ್ದಾನೆ ಅಷ್ಟೇ’ ಅನ್ನುವ ವಾಕ್ಯ ನಮ್ಮವರ ಬಾಯಲ್ಲಿ ಕೇಳಿದ ನೆನಪು ನನಗಿಲ್ಲ.

ತಮ್ಮ ಬಂದ ಮೇಲೆ ಮತ್ತೆ ಹೋಗುತ್ತೇನೆ ಅಂದರೆ ಅಡ್ಡ ಬರಬೇಡಿ. ಈ ಸಲ ಕ್ಲಿಯರೆನ್ಸ್ ತೆಗೆದುಕೊಂಡು ಹೋಗಲಿ. ಇಲ್ಲಾಂದ್ರೆ ಹತ್ತನೇ ಮುಗಿಸಲಿ. ಹಿಂದೆ ಊರಿನಿಂದ ಬಂದ ಹೋಟೆಲ್ ಹುಡುಗರು ಹಗಲು ಪ್ಲೇಟು ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಎಸ್‌ಎಸ್‌ಸಿ ಮಾಡಿಕೊಂಡರು. ಆ ಒಂದು ಸರ್ಟಿಫಿಕೇಟ್ ಅವರ ಪಾಸ್‌ಪೋರ್ಟನ್ನೂ ಬದಲಿಸಿತು. ಇಸಿಆರ್ ಮುದ್ರೆ ಇಲ್ಲದ ಪಾಸ್‌ಪೋರ್ಟ್ ಇದ್ದವನ ಒಪ್ಪಂದವನ್ನು ಇಲ್ಲಿ ಯಾರೂ ಪರೀಕ್ಷಿಸುವುದಿಲ್ಲ ಅನ್ನೋದು ನೆನಪಿರಲಿ, ಅದನ್ನು ಅವನೇ ಓದಿಕೊಳ್ಳಬೇಕು. ಓದಲು ಬಂದರೆ ತಾನೇ? ಮಹಾರಾಷ್ಟ್ರ ಬೋರ್ಡಿನಲ್ಲಿ ಶಾಲೆ ಬಿಟ್ಟವರು 17 ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆಗೆ ಕೂರಬಹುದು. ಶಾಲೆ ಬಿಟ್ಟ ಸರ್ಟಿಫಿಕೇಟ್ ಬೇಕಾಗುತ್ತದೆ, ಅದು ಊರಿನ ಶಾಲೆಯಲ್ಲೇ ಇರಬೇಕು. ಈ ಸಲ ಊರಿಗೆ ಹೋದಾಗ ಕೇಳಿ ತಂದಿಟ್ಟಿರಿ.